ಬ್ಯಾಟರಿ ಬದಲಿಸುವ ಮುನ್ನ



ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ನಮ್ಮ ವ್ಯಾಪಾರಸ್ಥರ ಎಷ್ಟೋ ಮನೆಗಳ ಮುಂದೆ ಇಂದಿಗೂ ಒಂದು ಹಳೆಯ ಬುಲೆಟ್ ನಿಂತಿರುತ್ತದೆ. ತಂದೆ ಕೊಂಡದ್ದು, ಈಗ ಮಗ ಓಡಿಸುತ್ತಾನೆ. ಸಂತೆಗೆ ಗಂಟು ಒಯ್ಯಲು, ಹಳ್ಳಿಗಳಲ್ಲಿ ಉದ್ರಿ ವಸೂಲಿಗೆ, ಬೀಗರೂರಿಗೆ, ದೂರದ ಕ್ಷೇತ್ರಕ್ಕೆ, ಎಲ್ಲದಕ್ಕೂ ಅದೇ. ಇಂತಹ ಗಾಡಿ ಇಟ್ಟುಕೊಂಡವರು ಭೇಟಿಯಾದಾಗ ಹೇಳುವ ದೂರು ಹೆಚ್ಚಾಗಿ ಒಂದೇ. "ಎಂಜಿನ್ ಕಲ್ಲಿನಂಗ ಐತ್ರಿ, ಆದ್ರ ಬ್ಯಾಟರಿ ನಿಲ್ಲವಲ್ದು."

ಈ ತಿಂಗಳ ಅಂಕಣವನ್ನು ಈ ಒಂದು ದೂರಿಗೇ ಮೀಸಲಿಟ್ಟಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನಮಗೆಲ್ಲ ಗೊತ್ತು. ಬ್ಯಾಟರಿ ಇಳಿದಾಗಲೆಲ್ಲ ಹೊಸ ಬ್ಯಾಟರಿ ಕೊಳ್ಳುವುದು ಅನೇಕ ಸಲ ಇದೇ ಗಾದೆಯ ಮಾತು. ಜ್ವರ ಬಂದಿರುವುದು ಆಲ್ಟರ್ನೇಟರಿಗೆ, ಬರೆ ಬೀಳುವುದು ಬ್ಯಾಟರಿಗೆ, ಹಣ ಹೋಗುವುದು ನಮ್ಮ ಗಲ್ಲಾದಿಂದ.

ಗಾಡಿಯ ಜಮಾ-ಖರ್ಚು

ಆಲ್ಟರ್ನೇಟರ್ ಎಂದರೆ ಎಂಜಿನ್ ತಿರುಗುವಾಗ ವಿದ್ಯುತ್ತು ಹುಟ್ಟಿಸುವ ಯಂತ್ರ. ಗ್ಯಾರೇಜಿನಲ್ಲಿ ಇದನ್ನು ಸುಮ್ಮನೆ 'ಮ್ಯಾಗ್ನೆಟ್' ಎನ್ನುತ್ತಾರೆ. ಹಳೆಯ ಬುಲೆಟ್ಟಿನಲ್ಲಿ ಇದು ಎಡಗಡೆ, ಪ್ರೈಮರಿ ಚೈನ್ ಇರುವ ಡಬ್ಬಿಯ ಒಳಗೆ ಇದೆ. ಕ್ರ್ಯಾಂಕಿನ ತುದಿಗೆ ಅಯಸ್ಕಾಂತದ ಒಂದು ಗುಂಡು ಕುಳಿತಿರುತ್ತದೆ, ಅದು ರೋಟರ್. ಅದರ ಸುತ್ತ ತಾಮ್ರದ ತಂತಿಯ ಸುರುಳಿಗಳ ಒಂದು ಬಳೆ ಅಲುಗಾಡದಂತೆ ಬಿಗಿದಿರುತ್ತದೆ, ಅದು ಸ್ಟೇಟರ್. ರೋಟರ್ ತಿರುಗಿದರೆ ಸ್ಟೇಟರಿನ ಸುರುಳಿಯಲ್ಲಿ ಎ.ಸಿ. ವಿದ್ಯುತ್ತು ಹುಟ್ಟುತ್ತದೆ. ಬ್ಯಾಟರಿಗೆ ಎ.ಸಿ. ಒಗ್ಗುವುದಿಲ್ಲ. ಅದನ್ನು ಡಿ.ಸಿ. ಮಾಡಿ ಮಿತಿಯಲ್ಲಿಟ್ಟು ಬ್ಯಾಟರಿಗೆ ಕಳಿಸುವ ಕೆಲಸ ರೆಕ್ಟಿಫೈಯರ್-ರೆಗ್ಯುಲೇಟರಿನದು. ಮೆಕ್ಯಾನಿಕರು ಇದನ್ನು ಆರ್.ಆರ್. ಯೂನಿಟ್ ಎನ್ನುತ್ತಾರೆ.

ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಆಲ್ಟರ್ನೇಟರ್ ದಿನದ ವ್ಯಾಪಾರ, ಆರ್.ಆರ್. ಯೂನಿಟ್ ಲೆಕ್ಕ ಬರೆಯುವ ಗುಮಾಸ್ತ, ಬ್ಯಾಟರಿ ಗಲ್ಲಾ ಪೆಟ್ಟಿಗೆ. ಹೆಡ್‌ಲೈಟು, ಹಾರ್ನು, ಎಂಜಿನ್ನಿನ ಕಿಡಿ, ಇವೆಲ್ಲ ಖರ್ಚು. ವ್ಯಾಪಾರ ನಿಂತ ದಿನವೇ ಅಂಗಡಿ ಮುಚ್ಚುವುದಿಲ್ಲ. ಗಲ್ಲಾದಲ್ಲಿ ಇರುವುದನ್ನು ತೆಗೆದು ಸ್ವಲ್ಪ ಕಾಲ ನಡೆಯುತ್ತದೆ. ಹೊರಗಿನವರಿಗೆ ಅಂಗಡಿ ಚೆನ್ನಾಗಿಯೇ ಕಾಣುತ್ತದೆ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬಂತೆ ಒಂದು ದಿನ ಗಲ್ಲಾ ಬರಿದು. ಆಗ ಗಲ್ಲಾ ಪೆಟ್ಟಿಗೆಯನ್ನೇ ಬದಲಿಸಿದರೆ ಏನು ಬಂತು?

ಹಳೆಯ ಬುಲೆಟ್ಟಿನ ಕಿಡಿಯೂ ಬ್ಯಾಟರಿಯಿಂದಲೇ ಬರುತ್ತದೆ. ಆದ್ದರಿಂದ ಆಲ್ಟರ್ನೇಟರ್ ಸತ್ತರೂ ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಮೋಸ ಮಾಡುತ್ತದೆ. ಎಷ್ಟು ಹೊತ್ತು ಓಡೀತು ಎಂಬುದಕ್ಕೆ ಸಣ್ಣ ಲೆಕ್ಕ ಹಾಕೋಣ. 12 ವೋಲ್ಟಿನ ಗಾಡಿಯಲ್ಲಿ 35 ವ್ಯಾಟಿನ ಹೆಡ್‌ಲೈಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ. ಹಿಂದಿನ ದೀಪ, ಮೀಟರಿನ ದೀಪ ಸೇರಿ ಅರ್ಧ ಆಂಪಿಯರ್. ಕಿಡಿಗೆ ಎರಡೂವರೆ ಎಂದಿಟ್ಟುಕೊಳ್ಳಿ. ಒಟ್ಟು 6 ಆಂಪಿಯರ್. ಬ್ಯಾಟರಿ 5 ಆಂಪಿಯರ್-ಗಂಟೆಯದಾದರೆ, ಅದು ಹೊಸದಾಗಿ ಪೂರ್ತಿ ತುಂಬಿದ್ದರೂ, ಕಾಗದದ ಲೆಕ್ಕದಲ್ಲಿಯೇ ಒಂದು ಗಂಟೆ ಮುಟ್ಟುವುದಿಲ್ಲ. ಹಗಲಿನಲ್ಲಿ ದೀಪ ಆರಿಸಿ ಹೋದರೆ ಎರಡು ಗಂಟೆಯವರೆಗೆ ಎಳೆಯಬಹುದು. ಆದ್ದರಿಂದಲೇ ಈ ರೋಗ ಹಗಲಿನಲ್ಲಿ ಅಡಗಿದ್ದು ರಾತ್ರಿ ಹೊರಬೀಳುತ್ತದೆ.

ಕತ್ತಲ ರಸ್ತೆಯ ಮಾತು

ಇದು ಬರಿಯ ಹಣದ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನನ್ನ ತಮ್ಮ ತೀರಿಕೊಂಡ ಮೇಲೆ ಅವನ ಬುಲೆಟ್ಟನ್ನು ಅವನ ಮಗ ಓಡಿಸುತ್ತಾನೆ. ಚಾದರ, ಟವೆಲಿನ ಗಂಟು ಕಟ್ಟಿಕೊಂಡು ಹಳ್ಳಿಗಳ ಸಂತೆಗೆ ಹೋಗುವುದು ಅವನ ವ್ಯಾಪಾರ. ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುವ ಮನೆ ನಮ್ಮದು. ಆದರೆ ಸಂತೆಯ ದಿನ ಹೊತ್ತು ಮೀರುವುದು ತಪ್ಪುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ದುಧನಿಯಿಂದ ಅಕ್ಕಲಕೋಟಕ್ಕೆ ಬರುವಾಗ ಅವನ ದೀಪ ಮೊದಲು ಹಳದಿಯಾಯಿತು, ಆಮೇಲೆ ಕೆಂಪಾಯಿತು. ಎದುರಿಗೆ ದಾರಿಯಲ್ಲೇ ಕೆಟ್ಟು ನಿಂತ ಕಬ್ಬಿನ ಟ್ರೈಲರ್. ಅದಕ್ಕೂ ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ. ಹಿಂದಿನಿಂದ ಬಂದ ಜೀಪಿನ ಬೆಳಕಿನಲ್ಲಿ ಟ್ರೈಲರಿನ ಹಲಗೆ ಕಂಡು ಬ್ರೇಕ್ ಹಾಕಿದನಂತೆ. ಗಾಡಿ ತಳ್ಳಿಕೊಂಡು ಒಂದು ಧಾಬಾ ಮುಟ್ಟಿ ಅಲ್ಲಿಂದ ಮನೆಗೆ ಫೋನ್ ಮಾಡಿದ.

ಮರುದಿನ ಅವನ ತಾಯಿ, "ನಿಮ್ಮ ತಮ್ಮನ ನೆನಪು ಅಂತ ಇಟ್ಟುಕೊಂಡಿದ್ವಿರಿ, ಇದ್ದ ಒಬ್ಬ ಮಗನ್ನ ಕಳ್ಕೊಳ್ಳೂ ಹಂಗ ಆಗಿತ್ತು. ಗುಜರಿಗೆ ಹಾಕ್ರಿ" ಎಂದು ಕಣ್ಣೀರು ತಂದರು. ಅವನೂ ಬೇಸತ್ತಿದ್ದ. "ದೊಡ್ಡಪ್ಪಾ, ಒಂದ ವರ್ಷದಾಗ ಎರಡ ಬ್ಯಾಟರಿ ಹಾಕ್ಸೀನಿ. ಇನ್ನ ಸಾಕು" ಎಂದ. ನಾನು, "ಮಾರೂದು ಇದ್ದರೂ ಮಾರೋಣಂತ. ಅದಕ್ಕೂ ಮೊದಲ ಬ್ಯಾಟರಿ ಯಾಕ ಇಳೀತೈತಿ ಅನ್ನೂದು ಗೊತ್ತಾಗಲಿ" ಎಂದು ಸೊಲ್ಲಾಪುರದ ಒಬ್ಬ ವಯಸ್ಸಾದ ಮೇಸ್ತ್ರಿಯ ಹತ್ತಿರ ಗಾಡಿ ಕಳಿಸಿ ನಾನೂ ಜೊತೆಗೆ ಹೋದೆ.

ಆ ಮೇಸ್ತ್ರಿ ಗಾಡಿಗೆ ಪಾನಾ ಹಚ್ಚಲಿಲ್ಲ. ಮೊದಲು ಮೀಟರ್ ತೆಗೆದ. "ಶೇಟಜಿ, ಮೊದಲ ತಪಾಸ, ಆಮ್ಯಾಲ ಪಾನಾ" ಎಂದ. ಅವನು ಮಾಡಿದ ತಪಾಸಣೆ ಅರ್ಧ ತಾಸಿನದು. ಅದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಡಿಜಿಟಲ್ ಮಲ್ಟಿಮೀಟರ್ ಈಗ ಯಾವ ಎಲೆಕ್ಟ್ರಿಕ್ ಅಂಗಡಿಯಲ್ಲೂ ಕಡಿಮೆ ಬೆಲೆಗೆ ಸಿಗುತ್ತದೆ.

ತಪಾಸಣೆಯ ಕ್ರಮ

ಮೊದಲನೆಯದು ಬ್ಯಾಟರಿ. ಅದನ್ನು ಹೊರಗೆ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ ಕೆಲವು ತಾಸು ಬಿಡಬೇಕು. ಆಮೇಲೆ ಎಂಜಿನ್ ಬಂದ್ ಇದ್ದಾಗ 12 ವೋಲ್ಟಿನ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. ತುಂಬಿಸಿದರೂ 12ರ ಕೆಳಗೆ ಬರುತ್ತಿದ್ದರೆ ಬ್ಯಾಟರಿಯೂ ಕೆಟ್ಟಿದೆ. ಟರ್ಮಿನಲ್ ಬಿಗಿಯಾಗಿರಲಿ, ಬಿಳಿ ಉಪ್ಪು ಕಟ್ಟಿದ್ದರೆ ಬಿಸಿನೀರಿನಿಂದ ತೊಳೆಯಿರಿ, ಫ್ಯೂಸು ನೋಡಿ. ಫ್ರೇಮಿಗೆ ಹೋಗುವ ಅರ್ಥ್ ವೈರಿನ ಬೋಲ್ಟಿಗೆ ತುಕ್ಕು ಹಿಡಿದಿದ್ದರೂ ಇದೇ ರೋಗದ ಲಕ್ಷಣ ಕಾಣುತ್ತದೆ.

ಎರಡನೆಯದು, ಎಂಜಿನ್ ಚಾಲೂ ಮಾಡಿ ಬ್ಯಾಟರಿಯ ಮೇಲೆಯೇ ಮೀಟರ್ ಇಟ್ಟು ಸ್ವಲ್ಪ ರೇಸ್ ಕೊಡಿ. ಅಂಕಿ ಏರುತ್ತಾ 14ರ ಹತ್ತಿರ ನಿಲ್ಲಬೇಕು. ಏರದೆ 12ರಲ್ಲೇ ಇದ್ದು ಇಳಿಯುತ್ತಾ ಹೋದರೆ ಆವಕವಿಲ್ಲ, ಬರೀ ಖರ್ಚು. 15 ದಾಟಿದರೆ ಆರ್.ಆರ್. ಯೂನಿಟ್ ಕಡಿವಾಣ ತಪ್ಪಿದೆ, ಬ್ಯಾಟರಿಯ ನೀರು ಕುದಿದು ಹೋಗುತ್ತದೆ. ಹಳೆಯ ಬುಲೆಟ್ಟಿನಲ್ಲಿ ಹೆಡ್‌ಲೈಟಿನ ಮೇಲ್ಭಾಗದಲ್ಲಿ ಆಂಪಿಯರ್ ಮೀಟರ್ ಇರುತ್ತದೆ. ಅದರ ಮುಳ್ಳು ನಮ್ಮ ಕಿರ್ದಿ ಪುಸ್ತಕ. ದೀಪ ಹಾಕಿ ಗಾಡಿ ನಿಂತಾಗ ಮುಳ್ಳು ಮೈನಸ್ ಕಡೆ ಬೀಳುವುದು ಸಹಜ. ರಸ್ತೆಯ ವೇಗದಲ್ಲೂ ಮೈನಸ್ಸಿನಲ್ಲೇ ಉಳಿದರೆ ಅಸಲಿಗೆ ಕೈ ಬಿದ್ದಿದೆ ಎಂದು ತಿಳಿಯಿರಿ.

ಮೂರನೆಯದು, ಸ್ಟೇಟರಿನಿಂದ ಬರುವ ವೈರಿನ ಕನೆಕ್ಟರ್ ಬಿಡಿಸಿ, ಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ, ಸ್ಟೇಟರ್ ಕಡೆಯ ವೈರುಗಳ ನಡುವೆ ಅಳೆಯಿರಿ. ರೇಸ್ ಕೊಟ್ಟಂತೆ ಅಂಕಿ ಚೆನ್ನಾಗಿ ಏರಬೇಕು. ಏರಿದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ. ದೋಷ ಆರ್.ಆರ್. ಯೂನಿಟ್ಟಿನಲ್ಲಿ ಅಥವಾ ಮುಂದಿನ ವೈರಿಂಗಿನಲ್ಲಿ ಇರುತ್ತದೆ, ಡಬ್ಬಿ ಬಿಚ್ಚುವ ಖರ್ಚೇ ಬೇಡ.

ನಾಲ್ಕನೆಯದು, ಎಂಜಿನ್ ಬಂದ್ ಮಾಡಿ ಮೀಟರನ್ನು ಓಮ್‌ಗೆ ತಿರುಗಿಸಿ. ಸ್ಟೇಟರಿನ ಸುರುಳಿಯ ಎರಡು ತುದಿಗಳ ನಡುವೆ ಸಣ್ಣ ಅಂಕಿ ಬರಬೇಕು. ಏನೂ ಬಾರದಿದ್ದರೆ ತಂತಿ ತುಂಡಾಗಿದೆ. ಸುರುಳಿಯ ವೈರಿಗೂ ಎಂಜಿನ್ನಿನ ಮೈಗೂ ಮಾತ್ರ ಸಂಬಂಧ ತೋರಿಸಬಾರದು. ತೋರಿಸಿದರೆ ಸುರುಳಿ ಸುಟ್ಟು ಅರ್ಥ್ ಆಗಿದೆ. ಮೂಲದಲ್ಲೇ ಅರ್ಥ್ ಆಗಿರುವ ಒಂದು ವೈರ್ ಬಿಟ್ಟಿರುವ ಮಾದರಿಗಳೂ ಉಂಟು, ಆದ್ದರಿಂದ ಕೈಪಿಡಿಯ ವೈರಿಂಗ್ ನಕ್ಷೆ ಪಕ್ಕಕ್ಕಿಟ್ಟುಕೊಂಡು ಅಳೆಯಬೇಕು.

ನಮ್ಮ ಹುಡುಗನ ಗಾಡಿಯಲ್ಲಿ ಮೂರನೆಯ ತಪಾಸಣೆಯಲ್ಲಿ ಅಂಕಿ ಏರಲಿಲ್ಲ, ನಾಲ್ಕನೆಯದರಲ್ಲಿ ಮೈಗೆ ಅರ್ಥ್ ತೋರಿಸಿತು. ಡಬ್ಬಿ ತೆರೆದಾಗ ಕಾರಣವೂ ಕಂಡಿತು. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟ್ ಹಾಕಿಸುವಾಗ ಸ್ಟೇಟರಿನ ವೈರನ್ನು ಅದರ ಜಾಗದಲ್ಲಿ ಕೂಡಿಸದೆ ಬಿಟ್ಟಿದ್ದರು. ಸಡಿಲಾದ ಪ್ರೈಮರಿ ಚೈನು ವೈರಿನ ಮೈ ಉಜ್ಜಿ ಉಜ್ಜಿ ತಾಮ್ರ ಹೊರಬಿದ್ದಿತ್ತು, ಸುರುಳಿ ಕಪ್ಪಾಗಿತ್ತು. ಗಾಡಿ ಮಾಡಿದವರ ದೋಷ ಇದರಲ್ಲಿ ಏನೂ ಇಲ್ಲ.

ಎರಡು ಬ್ಯಾಟರಿ ಯಾಕೆ ಸತ್ತವು ಎಂಬುದೂ ಇಲ್ಲಿಯೇ ತಿಳಿಯುತ್ತದೆ. ಸೀಸದ ಬ್ಯಾಟರಿ ಬರಿದಾಗಿ ಹಾಗೆಯೇ ಉಳಿದರೆ ಒಳಗಿನ ಪ್ಲೇಟಿಗೆ ಸಲ್ಫೇಟ್ ಗಟ್ಟಿಯಾಗಿ ಕಟ್ಟುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ಬ್ಯಾಟರಿ ಅಂಗಡಿಯವರು ನೋಡಿ 'ಬ್ಯಾಟರಿ ಹೋಗಿದೆ' ಎಂದದ್ದು ಸುಳ್ಳಲ್ಲ. ಯಾಕೆ ಹೋಯಿತು ಎಂದು ಯಾರೂ ಕೇಳಲಿಲ್ಲ, ಅಷ್ಟೆ.

ಬದಲಿಸುವ ಕೆಲಸ

ದೂರ ಪ್ರಯಾಣಕ್ಕೆಂದೇ ಮಾಡಿದ ಪರದೇಶದ ದೊಡ್ಡ ಗಾಡಿಗಳಿಗೆ ಹೋಲಿಸಿದರೆ ಬುಲೆಟ್ಟಿನಲ್ಲಿ ಈ ಕೆಲಸ ಸುಲಭ. ಹೋಂಡಾ ಕಂಪನಿಯ ಗೋಲ್ಡ್ ವಿಂಗ್ ಗಾಡಿ 1975ರಲ್ಲಿ ಬಂತು. ಅದರ ಮೊದಲ ಮಾದರಿಗಳಲ್ಲಿ ಸ್ಟೇಟರ್ ಎಂಜಿನ್ನಿನ ಹಿಂಭಾಗದಲ್ಲಿದ್ದು, ಬದಲಿಸಲು ಇಡೀ ಎಂಜಿನ್ನನ್ನೇ ಫ್ರೇಮಿನಿಂದ ಇಳಿಸಬೇಕು. ಹಳೆಯ ಎರಕದ ಕಬ್ಬಿಣದ ಸಿಲಿಂಡರಿನ ಬುಲೆಟ್ಟಿನಲ್ಲಿ ಎಡಗಡೆಯ ಡಬ್ಬಿಯ ಮುಚ್ಚಳವನ್ನು ನಡುವೆ ಇರುವ ಒಂದೇ ಒಂದು ನಟ್ಟು ಹಿಡಿದಿರುತ್ತದೆ. ಆಮೇಲೆ ಕ್ರಮೇಣ ಬಂದ ಯು.ಸಿ.ಇ. ಎಂಜಿನ್ನಿನ ರಚನೆ ಬೇರೆ. ಕೆಳಗಿನ ಮಾತು ಹಳೆಯದಕ್ಕೆ ಮಾತ್ರ.

ಕೆಲಸ ಮೇಸ್ತ್ರಿಯೇ ಮಾಡಲಿ. ಆದರೆ ಗಾಡಿಯ ಧಣಿ ಪಕ್ಕದಲ್ಲಿ ಕುಳಿತು ಏನೇನು ನೋಡಬೇಕು ಎಂಬುದು ತಿಳಿದಿರಬೇಕು.

ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಬೇಕು. ಎಡಗಡೆಯ ಫುಟ್‌ರೆಸ್ಟ್ ತೆಗೆಯಬೇಕು. ಗೇರು ಬಲಗಡೆ ಇರುವ ಗಾಡಿಗಳಲ್ಲಿ ಹಿಂದಿನ ಬ್ರೇಕ್ ಪೆಡಲ್ ಎಡಗಡೆ ಇರುತ್ತದೆ, ಅದನ್ನೂ ಸರಿಸಬೇಕು. ಡಬ್ಬಿಯ ಕೆಳಗೆ ತಟ್ಟೆ ಇಡಿ, ಎಣ್ಣೆ ಸುರಿಯುತ್ತದೆ. ನಟ್ಟು ಬಿಚ್ಚಿದ ಮೇಲೆ ಮುಚ್ಚಳ ಅಂಟಿದ್ದರೆ ರಬ್ಬರ್ ಸುತ್ತಿಗೆಯಿಂದ ತಟ್ಟಬೇಕು. ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಲು ಬಿಡಬೇಡಿ. ಅಂಚಿಗೆ ಗೀರು ಬಿದ್ದರೆ ಮುಂದೆ ಎಣ್ಣೆ ಸೋರುವುದು ನಿಲ್ಲುವುದಿಲ್ಲ.

ತೆರೆದ ಕೂಡಲೆ ಫೋನಿನಲ್ಲಿ ಎರಡು ಫೋಟೋ ತೆಗೆದಿಡಿ. ವೈರ್ ಯಾವ ದಾರಿಯಲ್ಲಿ ಹೋಗಿದೆ, ವಾಷರುಗಳು ಎಲ್ಲಿವೆ ಎಂಬುದು ಜೋಡಿಸುವಾಗ ಬೇಕಾಗುತ್ತದೆ. ಸ್ಟೇಟರನ್ನು ಮೂರು ನಟ್ಟುಗಳು ಹಿಡಿದಿರುತ್ತವೆ. ಅವುಗಳ ಹಿಂದಿನ ಸ್ಪೇಸರುಗಳು ಒಂದೂ ಕಳೆಯಬಾರದು.

ಸ್ಟೇಟರ್ ಹೊರಬಂದ ಮೇಲೆ ರೋಟರನ್ನು ನೋಡಿ. ಕೈಯಿಂದ ಅಲುಗಾಡಿಸಿದರೆ ಅಲುಗಬಾರದು. ಮೈಮೇಲೆ ಉಜ್ಜಿದ ಗುರುತು ಇದ್ದರೆ ಅದು ಸ್ಟೇಟರಿಗೆ ತಾಗುತ್ತಿತ್ತು ಎಂದರ್ಥ. ಕಾರಣ ಸಡಿಲಾದ ನಟ್ಟೋ, ಸವೆದ ಕ್ರ್ಯಾಂಕ್ ಬೇರಿಂಗೋ ಪತ್ತೆಯಾಗದೆ ಹೊಸ ಸ್ಟೇಟರ್ ಕೂಡಿಸಿದರೆ ಅದೂ ಹೋಗುತ್ತದೆ. ರೋಟರ್ ಅಯಸ್ಕಾಂತವಾದ್ದರಿಂದ ಕಬ್ಬಿಣದ ಪುಡಿ, ಸಣ್ಣ ಸ್ಕ್ರೂ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಸ್ವಚ್ಛ ಬಟ್ಟೆಯಿಂದ ಒರೆಸಿಯೇ ಮುಂದಿನ ಕೆಲಸ.

ಹೊಸ ಸ್ಟೇಟರ್ ಕೂಡಿಸುವಾಗ ಮುಖ್ಯವಾದದ್ದು ರೋಟರಿಗೂ ಅದಕ್ಕೂ ನಡುವಿನ ಸಂದು. ಸುತ್ತಲೂ ಕನಿಷ್ಠ 8 ಥೌ, ಅಂದರೆ 0.2 ಮಿಲಿಮೀಟರ್ ಇರಬೇಕು. ಫೀಲರ್ ಗೇಜಿನ ಆ ದಪ್ಪದ ಪಟ್ಟಿಯನ್ನು ಸುತ್ತ ನಾಲ್ಕಾರು ಕಡೆ ಹಾಕಿ ನೋಡಬೇಕು. ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಅಗಲವಿದ್ದರೆ ನಟ್ಟು ಸಡಿಲಿಸಿ ಸ್ಟೇಟರನ್ನು ಸರಿಸಬೇಕು. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕಿಕ್ಕನ್ನು ಕೈಯಿಂದ ನಿಧಾನವಾಗಿ ಒತ್ತಿ ಎಂಜಿನ್ ತಿರುಗಿಸಿ ಎಲ್ಲಿಯೂ ತಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಈ ಹತ್ತು ನಿಮಿಷಕ್ಕೆ ಬೇಸರಪಡುವ ಮೇಸ್ತ್ರಿಯ ಕೈಯಲ್ಲಿ ಗಾಡಿ ಕೊಡದಿರುವುದೇ ಲೇಸು.

ಇದೇ ಹೊತ್ತಿಗೆ ಪ್ರೈಮರಿ ಚೈನಿನ ಸಡಿಲು ನೋಡಬೇಕು. ಅತಿ ಬಿಗಿಯಾದ ಜಾಗದಲ್ಲಿ ಮೇಲೆ ಕೆಳಗೆ ಕಾಲು ಇಂಚಿನಷ್ಟು ಆಡಿದರೆ ಸರಿ. ಸ್ಟೇಟರಿನ ವೈರ್ ಚೈನಿಗೆ ತಾಗದ ದಾರಿಯಲ್ಲಿ ಹೋಗಲಿ, ಅದು ಡಬ್ಬಿಯಿಂದ ಹೊರಬೀಳುವ ತೂತಿನ ರಬ್ಬರ್ ಬುಷ್ ಹೊಸದಿರಲಿ. ಮುಚ್ಚಳಕ್ಕೂ ಹೊಸ ರಬ್ಬರ್ ರಿಂಗ್ ಹಾಕಿಸಿ, ನಡುವಿನ ನಟ್ಟನ್ನು ಅಳತೆ ಮೀರಿ ಬಿಗಿಯಲು ಬಿಡಬೇಡಿ. ಮುಚ್ಚಳ ಸೊಟ್ಟಗಾಗಿ ಎಣ್ಣೆ ಸೋರುತ್ತದೆ. ಎಣ್ಣೆಯನ್ನು ಲೆವೆಲ್ ಸ್ಕ್ರೂವಿನವರೆಗೆ ಮಾತ್ರ ತುಂಬಬೇಕು. ಅರ್ಧ ಲೀಟರಿಗಿಂತ ಕಡಿಮೆಯೇ ಸಾಕು.

ಕೊನೆಗೆ, ತುಂಬಿದ ಬ್ಯಾಟರಿ ಜೋಡಿಸಿ ಎರಡನೆಯ ತಪಾಸಣೆಯನ್ನು ಮತ್ತೆ ಮಾಡಿ. ಮೀಟರ್ 14ರ ಹತ್ತಿರ ಬಂದ ಮೇಲೆಯೇ ಮಜೂರಿ ಎಣಿಸಿ ಕೊಡಿ.

ಸಾಮಾನು ಕೊಳ್ಳುವಾಗ

ಹಳೆಯ ಸ್ಟೇಟರನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಬುಲೆಟ್ಟುಗಳು 1955ರಿಂದ ಮದ್ರಾಸಿನಲ್ಲಿ ತಯಾರಾಗುತ್ತಾ ಬಂದವು. ಇಷ್ಟು ದೀರ್ಘ ಕಾಲದಲ್ಲಿ 6 ವೋಲ್ಟು ಹೋಗಿ 12 ಬಂತು, ವೈರುಗಳ ಸಂಖ್ಯೆ ಬದಲಾಯಿತು. ಕೆಲವು ಮಾದರಿಗಳಲ್ಲಿ ಹೆಡ್‌ಲೈಟು ಬ್ಯಾಟರಿಯಿಂದ ಉರಿಯದೆ ನೇರವಾಗಿ ಎ.ಸಿ.ಯಿಂದ ಉರಿಯುತ್ತದೆ. 'ಬುಲೆಟ್ಟಿನ ಕಾಯಿಲ್ ಕೊಡಿ' ಎಂದು ಬಾಯಿಮಾತಿನಲ್ಲಿ ಕೇಳಿದರೆ ಬೇರೆಯದೇ ಕೈಗೆ ಬರಬಹುದು. ವೋಲ್ಟು, ವೈರುಗಳ ಸಂಖ್ಯೆ, ಒಳಗಿನ ವ್ಯಾಸ, ಮೂರು ತೂತುಗಳ ಅಂತರ, ಎಲ್ಲವನ್ನೂ ಹೊಂದಿಸಿ ನೋಡಿ, ಬಿಲ್ಲು ತೆಗೆದುಕೊಳ್ಳಿ.

ಸುಟ್ಟ ಸುರುಳಿಯನ್ನು ಮತ್ತೆ ಸುತ್ತಿಸಲೂ ಬರುತ್ತದೆ. ಮೋಟಾರ್ ವೈಂಡಿಂಗ್ ಮಾಡುವವರು ಕಡಿಮೆ ಹಣಕ್ಕೆ ಒಪ್ಪುತ್ತಾರೆ. ಆದರೆ ಇದು ಬಿಸಿ ಎಣ್ಣೆಯಲ್ಲಿ ಇರುವ ಸಾಮಾನು. ಶಾಖವನ್ನೂ ಎಣ್ಣೆಯನ್ನೂ ತಡೆಯುವ ಎನಾಮಲ್ ತಂತಿ, ತಕ್ಕ ವಾರ್ನಿಷ್ ಹಾಕುತ್ತೇನೆ ಎಂದು ಖಚಿತವಾಗಿ ಹೇಳುವವರ ಹತ್ತಿರ ಮಾತ್ರ ಕೊಡಿ. ಹೊಸದು ಸಿಗುವಾಗ ಹೊಸದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು ಹುಡುಗರಿಗೆ. ಹೊಸ ಸ್ಟೇಟರ್ ಬಂತೆಂದು ಎರಡು ಫಾಗ್ ಲ್ಯಾಂಪು, ಲಾರಿಯ ಹಾರ್ನು ಹಾಕಿಸಬೇಡಿ. 55 ವ್ಯಾಟಿನ ಒಂದೊಂದು ಬಲ್ಬು ನಾಲ್ಕೂವರೆ ಆಂಪಿಯರ್ ನುಂಗುತ್ತದೆ. ಹಳೆಯ ಗಾಡಿಯ ಆವಕ ಅದರ ಕಾಲದ ಖರ್ಚಿಗೆ ತಕ್ಕಷ್ಟೇ ಇದೆ. ಆವಕ ನೋಡಿ ಖರ್ಚು ಮಾಡು ಎಂದು ನಮ್ಮ ಹಿರಿಯರು ಹೇಳಿದ ಬುದ್ಧಿ ಗಾಡಿಗೂ ಸಲ್ಲುತ್ತದೆ.

ಇಡುವುದೋ, ಮಾರುವುದೋ?

ನಮ್ಮ ಹುಡುಗನ ಗಾಡಿಗೆ ಹೊಸ ಸ್ಟೇಟರಿಗೂ ಮಜೂರಿಗೂ ಆದ ಖರ್ಚು, ಅವನು ಎರಡು ಬ್ಯಾಟರಿಗೆ ಸುರಿದ ಹಣದ ಹತ್ತಿರ ಹತ್ತಿರವೇ. ಅವನ ತಾಯಿಗೆ ನಾನು ಗಾಡಿಯನ್ನು ಹೊಗಳಿ ಹೇಳಲಿಲ್ಲ. ಆ ಮುಳ್ಳು ಪ್ಲಸ್ ಕಡೆ ನಿಲ್ಲುವುದನ್ನು ಅವರೇ ನೋಡಿದರು. "ಇರಲಿ, ಆದ್ರ ಕತ್ತಲಿ ಆಗೂ ಮುಂದ ಮನಿಗೆ ಬರಬೇಕು" ಎಂದು ಕಟ್ಟಳೆ ಹಾಕಿದರು. ಕಟ್ಟಳೆ ಸರಿಯಾದದ್ದೇ.

ಎಲ್ಲ ಹಳೆಯ ಗಾಡಿಗಳನ್ನೂ ಉಳಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ವಿಮೆ, ಹೊಗೆಯ ಸರ್ಟಿಫಿಕೇಟು ಇರಬೇಕು. ಕ್ರ್ಯಾಂಕು, ಗೇರ್‌ಬಾಕ್ಸು ಎರಡೂ ಹೋದ ಗಾಡಿಯ ಮೇಲೆ ಹಣ ಹಾಕುವುದು ವ್ಯವಹಾರವಲ್ಲ. ಆದರೆ ಒಂದು ಸುರುಳಿ ಸುಟ್ಟದ್ದಕ್ಕೆ ಗುಜರಿಯವನಿಗೆ ಕೊಡುವುದೂ ವ್ಯವಹಾರವಲ್ಲ. ಯಾವುದನ್ನು ಮಾಡಿದರೂ ತಪಾಸಣೆ ಮಾಡಿ, ಲೆಕ್ಕ ಬರೆದು ಮಾಡಿ.

ಮನೆಯಲ್ಲಿ ಹಳೆಯ ಗಾಡಿ ಇರುವವರು ತಿಂಗಳಿಗೊಮ್ಮೆ ಐದು ನಿಮಿಷ ಕೊಡಿ. ಎಂಜಿನ್ ಬಂದ್ ಇದ್ದಾಗಿನ ವೋಲ್ಟು, ಚಾಲೂ ಇದ್ದಾಗಿನ ವೋಲ್ಟು, ಎರಡೇ ಅಂಕಿಗಳನ್ನು ತಾರೀಖಿನೊಡನೆ ಅಂಗಡಿಯ ಡೈರಿಯ ಕೊನೆಯ ಪುಟದಲ್ಲಿ ಬರೆಯುತ್ತಾ ಹೋಗಿ. ಎರಡನೆಯ ಅಂಕಿ 14ರಿಂದ 13ಕ್ಕೆ, 13ರಿಂದ 12ಕ್ಕೆ ಇಳಿಯತೊಡಗಿದರೆ ಸಂತೆಯ ಹಿಂದಿನ ದಿನವೇ ನಿಮಗೆ ಗೊತ್ತಾಗುತ್ತದೆ. ದಾರಿಯಲ್ಲಿ ಆಲ್ಟರ್ನೇಟರ್ ಕೈಕೊಟ್ಟದ್ದು ತಿಳಿದರೆ, ಹಗಲಿದ್ದರೆ ದೀಪ, ಹಾರ್ನು ಬಳಸದೆ ಹತ್ತಿರದ ಊರು ಸೇರಿ. ಕತ್ತಲಾಗಿದ್ದರೆ ಬೆಳಕಿರುವ ಜಾಗದಲ್ಲಿ ನಿಲ್ಲಿಸಿ ಮನೆಗೆ ಫೋನ್ ಮಾಡಿ. ಗಂಟು ನಾಳೆಯೂ ಮಾರಾಟವಾಗುತ್ತದೆ.